ಒಂದೇ ಸಿಟಿ, ಎರಡು ಸಾಫ್ಟ್‌ವೇರ್: ಹೃದಯದ ಸುತ್ತಲಿನ ಕೊಬ್ಬು 96 ಮಿ.ಲೀ.ಯೋ, 188 ಮಿ.ಲೀ.ಯೋ?

ಸಿಟಿಕನ್ಸೋಲ್

ಕ್ಯಾಲ್ಸಿಯಂ ಸ್ಕೋರ್‌ಗೆಂದು (ಹೃದಯದ ನಾಳಗಳಲ್ಲಿ ಕಟ್ಟಿದ ಸುಣ್ಣದ ಅಳತೆ) ತೆಗೆದ ಸಿಟಿಯಲ್ಲೇ ಎಪಿಕಾರ್ಡಿಯಲ್ ಕೊಬ್ಬನ್ನೂ (ಹೃದಯಕ್ಕೆ ಅಂಟಿಕೊಂಡ ಕೊಬ್ಬು) ಅಳೆದು ಕೊಡಿ ಅಂತ ಹೃದ್ರೋಗ ವಿಭಾಗದವರು ಕೇಳುತ್ತಿದ್ದಾರೆ. ಕಾಂಟ್ರಾಸ್ಟ್ (ನಾಳಗಳು ಬೆಳ್ಳಗೆ ಕಾಣಲು ಕೊಡುವ ಔಷಧ) ಇಲ್ಲ, 120 ಕೆವಿ (ಎಕ್ಸ್‌ರೇ ಟ್ಯೂಬಿನ ವೋಲ್ಟೇಜ್), ಇಸಿಜಿ ಗೇಟಿಂಗ್ (ಬಡಿತಕ್ಕೆ ಹೊಂದಿಸಿ ಚಿತ್ರ ತೆಗೆಯುವುದು) ಇದೆ, ಸ್ಲೈಸ್ ದಪ್ಪ 3 ಮಿ.ಮೀ. ವರ್ಕ್‌ಸ್ಟೇಷನ್ ಸಾಫ್ಟ್‌ವೇರ್ 96 ಮಿ.ಲೀ. ತೋರಿಸುತ್ತದೆ. ಅದೇ ಡೈಕಾಮ್ (ಸ್ಕ್ಯಾನ್ ಚಿತ್ರದ) ಫೈಲುಗಳನ್ನು ಇನ್ನೊಂದು ಪ್ರೋಗ್ರಾಂಗೆ ಹಾಕಿದರೆ 188. ಎರಡರಲ್ಲೂ ಕೊಬ್ಬು ಎಂದು ಎಣಿಸುವ ಮಿತಿ ಒಂದೇ, −190ರಿಂದ −30 ಎಚ್‌ಯು (ಹೌನ್ಸ್‌ಫೀಲ್ಡ್ ಯೂನಿಟ್, ಸಿಟಿಯಲ್ಲಿ ಸಾಂದ್ರತೆಯ ಅಳತೆ). ಒಂದರ ಪ್ರಕಾರ ಏನೂ ತೊಂದರೆಯಿಲ್ಲ, ಇನ್ನೊಂದರ ಪ್ರಕಾರ ಅಪಾಯದ ಮಟ್ಟ. ಯಾವುದನ್ನು ನಂಬುವುದು? ಕೊಬ್ಬನ್ನು ಗುರುತಿಸುವ ಗೆರೆಯನ್ನು ಎಲ್ಲಿಂದ ಎಲ್ಲಿಗೆ ಎಳೆಯಬೇಕು? ಕಾಂಟ್ರಾಸ್ಟ್ ಹಾಕಿದ ಆಂಜಿಯೋ (ನಾಳಗಳ ಸಿಟಿ) ಸರಣಿಯಲ್ಲಿ ಅಳೆದರೆ ನಡೆಯುತ್ತದೆಯೇ?

ನಿಧಾನಗತಿ

ಮೊದಲು ಯಾವ ಕೊಬ್ಬು ಎಂಬುದು ಖಚಿತವಾಗಲಿ. ಹೃದಯದ ಸ್ನಾಯುವಿಗೂ ಪೆರಿಕಾರ್ಡಿಯಂ ಚೀಲಕ್ಕೂ ನಡುವೆ ಇರುವುದು ಎಪಿಕಾರ್ಡಿಯಲ್ ಕೊಬ್ಬು. ಚೀಲದ ಹೊರಗಿರುವುದು ಪ್ಯಾರಾಕಾರ್ಡಿಯಲ್ ಕೊಬ್ಬು. ಸಿಟಿಯಲ್ಲಿ ಎರಡೂ ಒಂದೇ ಬೂದು ಬಣ್ಣಕ್ಕೆ ಕಂಡರೂ ಹುಟ್ಟು ಬೇರೆ, ರಕ್ತ ಬರುವ ದಾರಿ ಬೇರೆ. ಒಳಗಿನದಕ್ಕೆ ಕೊರೊನರಿ (ಹೃದಯಕ್ಕೆ ರಕ್ತ ಕೊಡುವ ನಾಳ) ಕವಲುಗಳಿಂದಲೇ ರಕ್ತ. ಹೊರಗಿನದಕ್ಕೆ ಎದೆಗೋಡೆಯ ಇಂಟರ್ನಲ್ ಥೊರಾಸಿಕ್ ನಾಳದ ಕಡೆಯಿಂದ. ಒಳಗಿನ ಕೊಬ್ಬಿಗೂ ಕೊರೊನರಿಯ ಹೊರಪದರಕ್ಕೂ ನಡುವೆ ಯಾವ ಪೊರೆಯೂ ಇಲ್ಲ, ಹೀಗಾಗಿ ಕೊಬ್ಬಿನಲ್ಲಿ ಹುಟ್ಟುವ ರಾಸಾಯನಿಕಗಳು ನೇರ ನಾಳದ ಗೋಡೆಗೆ ಇಳಿಯುತ್ತವೆ. ನಾವು ಇಷ್ಟು ಕಷ್ಟಪಟ್ಟು ಇದನ್ನು ಬೇರ್ಪಡಿಸುವುದೇ ಈ ಕಾರಣಕ್ಕೆ.

ಹಳೆಯ ಲೇಖನ ಓದುವಾಗ ಒಂದು ಎಚ್ಚರಿಕೆ: ಕೆಲವರು ‘ಪೆರಿಕಾರ್ಡಿಯಲ್ ಫ್ಯಾಟ್’ ಎಂದು ಬರೆದಿರುವುದು ಒಳಗಿನದು, ಕೆಲವರದು ಹೊರಗಿನದು, ಕೆಲವರದು ಎರಡೂ ಸೇರಿದ್ದು. ವಿಧಾನದ ಪ್ಯಾರಾ ಓದದೆ ಅಲ್ಲಿನ ಅಂಕಿಯನ್ನು ನಮ್ಮ ರಿಪೋರ್ಟಿಗೆ ತರಬಾರದು.

ಇನ್ನು ಗೆರೆ. ಪೆರಿಕಾರ್ಡಿಯಂ ಸಾಮಾನ್ಯವಾಗಿ 2 ಮಿ.ಮೀ. ಒಳಗೇ ಇರುತ್ತದೆ, ಎರಡು ಕೊಬ್ಬಿನ ನಡುವೆ ಈರುಳ್ಳಿ ಸಿಪ್ಪೆಯಂಥ ಗೆರೆ. ಬಲ ವೆಂಟ್ರಿಕಲ್ (ಹೃದಯದ ಕೆಳಗಿನ ಕೋಣೆ) ಮುಂದೆ ಚೆನ್ನಾಗಿ ಕಾಣುತ್ತದೆ. ಎಡ ವೆಂಟ್ರಿಕಲ್‌ನ ಪಕ್ಕದಲ್ಲಿ ಕೊಬ್ಬು ಕಡಿಮೆ, ಶ್ವಾಸಕೋಶ ಅಂಟಿಕೊಂಡಂತಿರುತ್ತದೆ, ಅಲ್ಲಿ ಗೆರೆ ಕಾಣುವುದಿಲ್ಲ. ಆಗ ಹಿಂದಿನ ಮತ್ತು ಮುಂದಿನ ಸ್ಲೈಸ್‌ಗಳ ಗೆರೆಯನ್ನು ನೋಡಿಕೊಂಡು ಜೋಡಿಸಬೇಕು. ವಿಂಡೋ 400, ಲೆವೆಲ್ 0 (ಪರದೆಯ ಬೂದು ಛಾಯೆಯ ಹೊಂದಿಕೆ) ಆಸುಪಾಸಿಗೆ ಇಟ್ಟರೆ ಗೆರೆ ಎದ್ದು ಕಾಣುತ್ತದೆ. ಮೆಡಿಯಾಸ್ಟೈನಂ ವಿಂಡೋದಲ್ಲೇ ಕೂತು ಎಳೆದರೆ ತಪ್ಪುತ್ತದೆ.

ಮೇಲಿನ ಗಡಿ ಪಲ್ಮನರಿ ಆರ್ಟರಿ (ಶ್ವಾಸಕೋಶಕ್ಕೆ ಹೋಗುವ ನಾಳ) ಕವಲೊಡೆಯುವ ಮಟ್ಟ. ಕೆಳಗಿನ ಗಡಿ ಹೃದಯದ ಸ್ನಾಯು ಕಾಣುವ ಕೊನೆಯ ಸ್ಲೈಸ್. ಎಲ್ಲರೂ ಎಡವುವುದು ಕೆಳಗೆ. ಡಯಾಫ್ರಂ ಹತ್ತಿರ, ಬಲಗಡೆಯ ಕಾರ್ಡಿಯೋಫ್ರೆನಿಕ್ ಮೂಲೆಯಲ್ಲಿ ದೊಡ್ಡ ಕೊಬ್ಬಿನ ಗಡ್ಡೆಯಂಥದ್ದು ಇರುತ್ತದೆ. ಅದು ಚೀಲದ ಹೊರಗಿನದು. ಸ್ಥೂಲಕಾಯದವರಲ್ಲಿ ಅದೊಂದನ್ನು ಒಳಗೆ ಸೇರಿಸಿಬಿಟ್ಟರೆ ಮೊತ್ತ ಪೂರ್ತಿ ಕೆಟ್ಟುಹೋಗುತ್ತದೆ.

ವೋಕ್ಸೆಲ್

ನಿಧಾನಗತಿ ಮೇಡಂ ಹೇಳಿದ್ದೆಲ್ಲ ಸರಿ, ಆದರೆ 96ಕ್ಕೂ 188ಕ್ಕೂ ಇರುವ ಅನುಪಾತ ನೋಡಿ. ಹೆಚ್ಚುಕಡಿಮೆ ಎರಡರಷ್ಟು. ಗೆರೆ ಹಿಗ್ಗುಮುಗ್ಗಾಗಿ ಎಳೆದರೆ ಹತ್ತು ಹದಿನೈದು ಪ್ರತಿಶತ ವ್ಯತ್ಯಾಸ ಬರುತ್ತದೆ, ಕೆಟ್ಟದಾಗಿ ಎಳೆದರೆ ಇನ್ನೂ ಹೆಚ್ಚು. ಆದರೆ ಇಷ್ಟು ಅಚ್ಚುಕಟ್ಟಾಗಿ ದುಪ್ಪಟ್ಟು ಬಂದರೆ ಗೆರೆಯನ್ನು ಬಿಟ್ಟು ಲೆಕ್ಕವನ್ನು ಶಂಕಿಸಬೇಕು.

ಸಿಟಿಕನ್ಸೋಲ್, ನಿಮ್ಮ ಸರಣಿಯಲ್ಲಿ ಸ್ಲೈಸ್ ದಪ್ಪ 3 ಮಿ.ಮೀ. ಅಂದಿರಿ. ಇಂಕ್ರಿಮೆಂಟ್ (ಒಂದು ಸ್ಲೈಸ್‌ನಿಂದ ಮುಂದಿನದಕ್ಕೆ ಇರುವ ಅಂತರ) ಎಷ್ಟು? 1.5 ಇದ್ದರೆ ಸ್ಲೈಸ್‌ಗಳು ಅರ್ಧರ್ಧ ಒಂದರ ಮೇಲೊಂದು ಕೂತಿವೆ. ಲೆಕ್ಕ ಹೀಗೆ: ಎಫ್‌ಒವಿ (ಚಿತ್ರದ ಅಗಲ) 200 ಮಿ.ಮೀ., ಮ್ಯಾಟ್ರಿಕ್ಸ್ 512. ಪಿಕ್ಸೆಲ್ 0.39 ಮಿ.ಮೀ. 0.39ರ ವರ್ಗವನ್ನು 1.5ರಿಂದ ಗುಣಿಸಿದರೆ ಒಂದು ವೋಕ್ಸೆಲ್ (ಚಿತ್ರದ ಒಂದು ಪುಟ್ಟ ಘನ) ಸುಮಾರು 0.23 ಘನ ಮಿ.ಮೀ. ಪ್ರೋಗ್ರಾಂ ಇಂಕ್ರಿಮೆಂಟ್ ಬಿಟ್ಟು ದಪ್ಪವನ್ನೇ ತೆಗೆದುಕೊಂಡರೆ ಅದೇ ವೋಕ್ಸೆಲ್ 0.46 ಆಗುತ್ತದೆ. ವೋಕ್ಸೆಲ್‌ಗಳ ಸಂಖ್ಯೆ ಬದಲಾಗಿಲ್ಲ, ಕೊಬ್ಬು ಮಾತ್ರ ಎರಡರಷ್ಟಾಯಿತು. ನಿಮ್ಮ 188ರ ಅರ್ಧ 94. 96ಕ್ಕೂ 94ಕ್ಕೂ ಇರುವ ವ್ಯತ್ಯಾಸ ಕೈಗೆರೆಯದು, ಅದು ಸಹಜ.

ಪರೀಕ್ಷಿಸುವುದು ಸುಲಭ. ಡೈಕಾಮ್ ಹೆಡರ್ ತೆರೆದು ಅಕ್ಕಪಕ್ಕದ ಎರಡು ಸ್ಲೈಸ್‌ಗಳ ‘ಇಮೇಜ್ ಪೊಸಿಷನ್ ಪೇಷಂಟ್’ ನೋಡಿ. ಮೂರನೇ ಅಂಕಿಯ ಅಂತರ ಎಷ್ಟೋ ಅದೇ ನಿಜವಾದ ಇಂಕ್ರಿಮೆಂಟ್. ‘ಸ್ಲೈಸ್ ಥಿಕ್‌ನೆಸ್’ ಎಂಬ ಸಾಲನ್ನು ಈ ಲೆಕ್ಕಕ್ಕೆ ಬಳಸಬಾರದು.

ಮೂರನೇ ಪ್ರಶ್ನೆಗೆ, ಕಾಂಟ್ರಾಸ್ಟ್ ಸರಣಿಯಲ್ಲಿ ಅಳೆಯಬಹುದು, ಆದರೆ ಅಲ್ಲಿ ಬಂದ ಅಂಕಿಯನ್ನು ಕಾಂಟ್ರಾಸ್ಟ್ ಇಲ್ಲದ್ದರ ಜೊತೆ ಹೋಲಿಸಬಾರದು. ಶುದ್ಧ ಕೊಬ್ಬು −100, ಕಾಂಟ್ರಾಸ್ಟ್ ಇಲ್ಲದ ಸ್ನಾಯು 45 ಎಂದಿಟ್ಟುಕೊಳ್ಳಿ. ಅಂಚಿನ ವೋಕ್ಸೆಲ್‌ನಲ್ಲಿ ಸ್ನಾಯುವಿನ ಪಾಲು 48 ಪ್ರತಿಶತ ದಾಟುವವರೆಗೆ ಅದು −30ರ ಕೆಳಗೇ ಉಳಿಯುತ್ತದೆ. ಅಂದರೆ ಮಿತಿ ಸರಿಯಾಗಿ ನಡುಮಧ್ಯದಲ್ಲಿ ಕೂತಿದೆ, ಅರ್ಧ ಅತ್ತ ಅರ್ಧ ಇತ್ತ ಹೋಗಿ ತಪ್ಪು ಸರಿದೂಗುತ್ತದೆ. ಈಗ ಪಕ್ಕದಲ್ಲಿ 350 ಎಚ್‌ಯುನ ಕಾಂಟ್ರಾಸ್ಟ್ ರಕ್ತ ಇದೆ ಎನ್ನಿ. ವೋಕ್ಸೆಲ್‌ನಲ್ಲಿ ಬರೀ 16 ಪ್ರತಿಶತ ರಕ್ತ ಸೇರಿದರೂ ಅದು −30 ದಾಟಿ ಕೊಬ್ಬಿನ ಲೆಕ್ಕದಿಂದ ಹೊರಬೀಳುತ್ತದೆ. ಹಾಗಾಗಿ ಕಾಂಟ್ರಾಸ್ಟ್ ಸರಣಿಯಲ್ಲಿ ಕೊಬ್ಬು ಯಾವಾಗಲೂ ಕಡಿಮೆಯೇ ಬರುತ್ತದೆ.

ಸಿಟಿಕನ್ಸೋಲ್

ವೋಕ್ಸೆಲ್ ಸರ್, ಹೆಡರ್ ನೋಡಿದೆ. ಅಂತರ 1.5 ಮಿ.ಮೀ. ದಪ್ಪ 3. ನೀವು ಹೇಳಿದ್ದೇ ಆಗಿದೆ. ಎರಡನೇ ಪ್ರೋಗ್ರಾಂನ ಸೆಟ್ಟಿಂಗ್‌ನಲ್ಲಿ ಇದನ್ನು ಬದಲಾಯಿಸುವ ದಾರಿಯೇ ಕಾಣುತ್ತಿಲ್ಲ. ಓವರ್‌ಲ್ಯಾಪ್ ಇಲ್ಲದೆ, 3ಕ್ಕೆ 3 ಇಟ್ಟು ಚಿತ್ರಗಳನ್ನು ಮತ್ತೆ ರಿಕನ್‌ಸ್ಟ್ರಕ್ಟ್ ಮಾಡಿ ಕಳಿಸಬೇಕೇನೋ. ಉಚಿತವಾಗಿ ಸಿಗುವ ಸಾಫ್ಟ್‌ವೇರ್‌ನಲ್ಲಿ ಮಾಡಲು ಸಾಧ್ಯವೇ?

ವೋಕ್ಸೆಲ್

3ಡಿ ಸ್ಲೈಸರ್‌ನಲ್ಲಿ ಆಗುತ್ತದೆ, ಅದು ಅಂತರವನ್ನು ಸ್ಲೈಸ್‌ಗಳ ಸ್ಥಾನದಿಂದಲೇ ಲೆಕ್ಕ ಹಾಕುತ್ತದೆ. ಸೆಗ್ಮೆಂಟ್ ಎಡಿಟರ್ ತೆರೆಯಿರಿ. ಮೊದಲ ಸೆಗ್ಮೆಂಟ್‌ಗೆ ‘ಚೀಲ’ ಎಂದು ಹೆಸರಿಡಿ. ‘ಡ್ರಾ’ ಉಪಕರಣದಿಂದ ಪ್ರತಿ ನಾಲ್ಕನೇ ಸ್ಲೈಸ್‌ನಲ್ಲಿ ಪೆರಿಕಾರ್ಡಿಯಂ ಮೇಲೆ ಗೆರೆ ಎಳೆದು ಮುಚ್ಚಿ, ಆಮೇಲೆ ‘ಫಿಲ್ ಬಿಟ್ವೀನ್ ಸ್ಲೈಸಸ್’ ಒತ್ತಿ. ನಡುವಿನ ಸ್ಲೈಸ್‌ಗಳನ್ನು ಅದೇ ತುಂಬುತ್ತದೆ, ಆದರೆ ಒಂದೊಂದನ್ನೂ ಕಣ್ಣಿಟ್ಟು ನೋಡಲೇಬೇಕು. ಏಟ್ರಿಯಂ (ಹೃದಯದ ಮೇಲಿನ ಕೋಣೆ) ಮಟ್ಟದಲ್ಲಿ ಹೃದಯದ ಆಕಾರ ಬೇಗ ಬೇಗ ಬದಲಾಗುವುದರಿಂದ ಅಲ್ಲಿ ಎರಡೆರಡು ಸ್ಲೈಸ್‌ಗೊಮ್ಮೆ ಎಳೆಯುವುದು ವಾಸಿ.

ಆಮೇಲೆ ಎರಡನೇ ಸೆಗ್ಮೆಂಟ್ ‘ಕೊಬ್ಬು’. ಮಾಸ್ಕಿಂಗ್ ಭಾಗದಲ್ಲಿ ತಿದ್ದುವ ಜಾಗ ‘ಚೀಲ’ದ ಒಳಗೆ ಮಾತ್ರ ಎಂದು ಆರಿಸಿ, ‘ಥ್ರೆಶೋಲ್ಡ್’ನಲ್ಲಿ −190ರಿಂದ −30 ಕೊಟ್ಟು ಅಪ್ಲೈ ಮಾಡಿ. ‘ಸೆಗ್ಮೆಂಟ್ ಸ್ಟ್ಯಾಟಿಸ್ಟಿಕ್ಸ್’ ಗಾತ್ರವನ್ನು ಘನ ಸೆಂ.ಮೀ.ನಲ್ಲೂ, ಸರಾಸರಿ ಎಚ್‌ಯುವನ್ನೂ ಕೊಡುತ್ತದೆ. ಎರಡನ್ನೂ ಬರೆದಿಟ್ಟುಕೊಳ್ಳಿ.

ದಪ್ಪ ಮೈಯವರ ಚಿತ್ರದಲ್ಲಿ ನಾಯ್ಸ್ ಹೆಚ್ಚು. ಸ್ನಾಯುವಿನ ಒಳಗೂ ಕಾಳು ಕಾಳಾಗಿ ‘ಕೊಬ್ಬು’ ಕಾಣಿಸಿಕೊಂಡರೆ ಅದು ಕೊಬ್ಬಲ್ಲ, ನಾಯ್ಸ್. ಮೀಡಿಯನ್ ಫಿಲ್ಟರ್ ಒಮ್ಮೆ ಹಾಕಿ, ಆಮೇಲೆ ಮಿತಿ ಹಾಕಿ. ಹಾಕಿದ್ದೀರಿ ಎಂದು ಬರೆಯಿರಿ. ಪೇಸ್‌ಮೇಕರ್ ತಂತಿ ಇದ್ದರೆ ಅದರ ಪಕ್ಕದ ಕಪ್ಪು ಪಟ್ಟೆಯೂ −100ರ ಹತ್ತಿರ ಬಂದು ಕೊಬ್ಬಿನ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಅದನ್ನು ಕೈಯಿಂದಲೇ ಅಳಿಸಬೇಕು.

ಧಾರವಾಡ_ಎಕೋ

ಸಿಟಿ ಎಲ್ಲಾ ಕಡೆ ಸಿಗಂಗಿಲ್ಲ, ಸಿಕ್ಕರೂ ಬರೇ ಕೊಬ್ಬು ನೋಡಾಕ ರೇಡಿಯೇಷನ್ ಕೊಡೂದು ಸರಿ ಅಲ್ಲ. ಎಕೋದಾಗ (ಹೃದಯದ ಅಲ್ಟ್ರಾಸೌಂಡ್) ದಪ್ಪ ಅಳೀಬಹುದು. ಪ್ಯಾರಾಸ್ಟರ್ನಲ್ ಲಾಂಗ್ ಆಕ್ಸಿಸ್ ನೋಟ ತಗೋರಿ. ಅಯೋರ್ಟಿಕ್ ಆನ್ಯುಲಸ್‌ನ (ಮಹಾಧಮನಿ ಬಾಯಿಯ ಉಂಗುರ) ನೇರಕ್ಕ, ಬಲ ವೆಂಟ್ರಿಕಲ್‌ನ ಹೊರಗೋಡಿ ಮ್ಯಾಲೆ, ಗೋಡಿಗೆ ಲಂಬವಾಗಿ ಕ್ಯಾಲಿಪರ್ ಇಡ್ರಿ. ಸಿಸ್ಟೋಲ್ (ಹೃದಯ ಕುಗ್ಗೂದು) ಮುಗಿಯೂ ಹೊತ್ತಿನಾಗ ಅಳೀರಿ, ಮೂರು ಬಡಿತದ ಸರಾಸರಿ ತಗೋರಿ. ಈ ಪದ್ಧತಿ 2003ರಾಗ ಇಯಾಕೊಬೆಲ್ಲಿಸ್ ಅನ್ನೂ ಸಂಶೋಧಕರು ಹೇಳಿದ್ದು. ಡಯಾಸ್ಟೋಲ್‌ದಾಗ (ಹೃದಯ ಹಿಗ್ಗೂದು) ಕೊಬ್ಬು ಒತ್ತಿಕೊಂಡು ತೆಳ್ಳಗ ಆಗತೈತಿ. ಕೆಲವು ತಂಡದವರು ಡಯಾಸ್ಟೋಲ್‌ದಾಗೇ ಅಳೀತಾರ. ಹಂಗಾಗಿ 5 ಮಿ.ಮೀ. ಹೆಚ್ಚೋ ಕಡಿಮಿಯೋ ಅಂತ ಮಾತಾಡೂ ಮೊದಲ ಯಾವ ಹೊತ್ತಿನಾಗ ಅಳದದ್ದು ಅಂತ ಕೇಳ್ರಿ.

ಇಲ್ಲಿ ದೊಡ್ಡ ತಪ್ಪು ಅಂದ್ರ ಕೊಬ್ಬನ್ನ ಚೀಲದಾಗ ತುಂಬಿದ ನೀರು ಅಂತ ಬರೆಯೂದು. ಮುಂದಿನ ಕಡೆ ಮಾತ್ರ ಕಪ್ಪು ಜಾಗ ಕಂಡು, ಹಿಂದಿನ ಕಡೆ ಏನೂ ಇಲ್ಲಂದ್ರ ಅದು ಬಹುತೇಕ ಕೊಬ್ಬೇ. ಪೇಷಂಟ್ ಮಲಗಿದಾಗ ನೀರು ಹಿಂದಕ್ಕ ಇಳೀತೈತಿ. ಕೊಬ್ಬು ಪೂರ್ತಿ ಕಪ್ಪಗ ಇರಂಗಿಲ್ಲ, ಒಳಗ ಸಣ್ಣ ಸಣ್ಣ ಬಿಳಿ ಎಳಿ ಕಾಣತಾವ, ಮತ್ತ ಹೃದಯದ ಜೊತಿಗೇ ಹಿಗ್ಗಿ ಕುಗ್ಗತೈತಿ. ಹೊರಗಿನ ಪ್ಯಾರಾಕಾರ್ಡಿಯಲ್ ಕೊಬ್ಬು ಬಡಿತದ ಜೊತಿ ಆಕಾರ ಬದಲಾಯಿಸಂಗಿಲ್ಲ. ಗೇನ್ ಸ್ವಲ್ಪ ಏರಿಸಿ ನೋಡಿದ್ರ ಗೊತ್ತಾಗತೈತಿ.

ನಿಧಾನಗತಿ

ಒಪ್ಪುತ್ತೇನೆ ಸರ್. ಆದರೆ ಎಕೋದ ದಪ್ಪ ಒಂದೇ ಜಾಗದ್ದು. ಕೊಬ್ಬು ಹೆಚ್ಚು ಕೂತಿರುವುದು ಏಟ್ರಿಯೋವೆಂಟ್ರಿಕ್ಯುಲರ್ ಮತ್ತು ಇಂಟರ್‌ವೆಂಟ್ರಿಕ್ಯುಲರ್ ತೋಡುಗಳಲ್ಲಿ (ಕೋಣೆಗಳ ನಡುವಿನ ಹೊರಗಿನ ಸಂದು), ಕೊರೊನರಿಗಳು ಹಾದುಹೋಗುವುದೂ ಅಲ್ಲೇ. ಬಲ ವೆಂಟ್ರಿಕಲ್ ಮುಂದಿನ ದಪ್ಪದಿಂದ ಆ ತೋಡುಗಳಲ್ಲಿ ಎಷ್ಟಿದೆ ಎಂದು ಊಹಿಸುವುದು ಅಂದಾಜೇ ಹೊರತು ಅಳತೆಯಲ್ಲ. ರೇಡಿಯೇಷನ್ ಇಲ್ಲದೆ ಗಾತ್ರ ಬೇಕಿದ್ದರೆ ಎಂಆರ್‌ಐನಲ್ಲಿ ಕೊಬ್ಬು, ನೀರು ಬೇರ್ಪಡಿಸುವ ಡಿಕ್ಸನ್ ಸರಣಿ ಒಳ್ಳೆಯದು, ಆದರೆ ಬರೀ ಇದಕ್ಕೋಸ್ಕರ ಯಾರೂ ಎಂಆರ್‌ಐ ಬರೆಯುವುದಿಲ್ಲ.

ಸೀತಾಳೆ

ಶುಗರ್ ರೋಗಿಗಳನ್ನು ನೋಡುವವರ ಕಡೆಯಿಂದ ಎರಡು ಪ್ರಶ್ನೆ. ಒಂದು, ಈ ರಿಪೋರ್ಟ್ ಹಿಡಿದುಕೊಂಡು ಬರುವವರು ‘ಹೃದಯಕ್ಕೆ ಕೊಬ್ಬು ಕಟ್ಟಿದೆಯಂತೆ, ಯಾವ ನಾಳ ಬ್ಲಾಕ್ ಆಗಿದೆ?’ ಅಂತ ಕೇಳುತ್ತಾರೆ. ಅವರಿಗೆ ತಪ್ಪಿಲ್ಲದಂತೆ ಹೇಗೆ ಹೇಳುವುದು? ಎರಡು, ಒಂದು ಕಡೆ ಕೊಬ್ಬಿನ ಎಚ್‌ಯು ಹೆಚ್ಚು ನೆಗೆಟಿವ್ ಆದರೆ ಕೆಟ್ಟದ್ದು ಎಂದು ಓದುತ್ತೇವೆ, ಇನ್ನೊಂದು ಕಡೆ ಕಡಿಮೆ ನೆಗೆಟಿವ್ ಆದರೆ ಕೆಟ್ಟದ್ದು ಎಂದು. ಯಾವುದು ನಿಜ?

ಬಲನಾಳ

ಎರಡನೆಯದನ್ನು ನಾನು ಹೇಳುತ್ತೇನೆ. ಎರಡೂ ನಿಜ, ಏಕೆಂದರೆ ಎರಡೂ ಬೇರೆ ಬೇರೆ ಅಳತೆ.

ಹೃದಯದ ಸುತ್ತಲಿನ ಇಡೀ ಕೊಬ್ಬನ್ನು ತೆಗೆದುಕೊಂಡರೆ, ಮೈತೂಕ ಹೆಚ್ಚಿ ಕೊಬ್ಬಿನ ಕೋಶಗಳು ಉಬ್ಬಿದಾಗ ಅವುಗಳಲ್ಲಿ ಎಣ್ಣೆಯಂಶ ಹೆಚ್ಚು, ನೀರಿನಂಶ ಕಡಿಮೆ. ಹಾಗಾಗಿ ಗಾತ್ರ ಏರಿದಂತೆ ಸರಾಸರಿ ಎಚ್‌ಯು ಸಾಮಾನ್ಯವಾಗಿ ಇನ್ನಷ್ಟು ಕೆಳಗಿಳಿಯುತ್ತದೆ. ಇದು ಇಡೀ ದೇಹದ ಮೆಟಬಾಲಿಕ್ ಸ್ಥಿತಿಯ ಸುಳಿವು.

ಕೊರೊನರಿಗೆ ಅಂಟಿಕೊಂಡ ಕೆಲವೇ ಮಿಲಿಮೀಟರ್ ಕೊಬ್ಬಿನ ಕಥೆ ಬೇರೆ. ನಾಳದ ಗೋಡೆಯಲ್ಲಿ ಉರಿಯೂತ ಇದ್ದಾಗ ಅಲ್ಲಿಂದ ಹೊರಬರುವ ಸೈಟೊಕೈನ್‌ಗಳು (ಉರಿಯೂತದ ಸಂದೇಶ ಒಯ್ಯುವ ಪ್ರೋಟೀನ್‌ಗಳು) ಪಕ್ಕದ ಎಳೆ ಕೊಬ್ಬಿನ ಕೋಶಗಳು ಬಲಿಯದಂತೆ ತಡೆಯುತ್ತವೆ. ಕೋಶ ಸಣ್ಣದಾಗಿ ಉಳಿಯುತ್ತದೆ, ಎಣ್ಣೆ ಕಡಿಮೆ, ನೀರು ಹೆಚ್ಚು. ನೀರು 0, ಕೊಬ್ಬು −100. ಆ ಜಾಗದ ಎಚ್‌ಯು −90ರಿಂದ −70ರ ಕಡೆಗೆ ಸರಿಯುತ್ತದೆ. ಆಕ್ಸ್‌ಫರ್ಡ್ ತಂಡ 2017ರಲ್ಲಿ ಇದನ್ನು ತೋರಿಸಿ ಫ್ಯಾಟ್ ಅಟೆನ್ಯುಯೇಷನ್ ಇಂಡೆಕ್ಸ್, ಅಂದರೆ ಎಫ್‌ಎಐ, ಎಂದು ಹೆಸರಿಟ್ಟಿತು. ಕೊಬ್ಬು ನಾಳಕ್ಕೆ ಕೆಡುಕು ಮಾಡುವುದಷ್ಟೇ ಅಲ್ಲ, ನಾಳದ ಸ್ಥಿತಿಯನ್ನು ಕೊಬ್ಬು ತನ್ನ ಮೈಮೇಲೆ ಬರೆದುಕೊಂಡು ನಮಗೆ ತೋರಿಸುತ್ತದೆ ಎಂಬುದು ಅಲ್ಲಿನ ದೊಡ್ಡ ತಿಳಿವು.

2018ರ ಕ್ರಿಸ್ಪ್-ಸಿಟಿ ಅಧ್ಯಯನದಲ್ಲಿ ಜರ್ಮನಿಯ ಎರ್ಲಾಂಗೆನ್ ಮತ್ತು ಅಮೆರಿಕದ ಕ್ಲೀವ್‌ಲ್ಯಾಂಡ್‌ನ ಒಟ್ಟು 3912 ಜನರ ಸಿಟಿ ಆಂಜಿಯೋ ನೋಡಿದರು. ಬಲ ಕೊರೊನರಿಯ ಸುತ್ತ −70.1 ಅಥವಾ ಅದಕ್ಕಿಂತ ಮೇಲಿದ್ದವರಲ್ಲಿ ಹೃದಯ ಸಂಬಂಧಿ ಸಾವಿನ ಅಪಾಯ ಎದ್ದು ಕಾಣುವಷ್ಟು ಹೆಚ್ಚಿತ್ತು. 2024ರ ಆರ್ಫಾನ್ ಅಧ್ಯಯನ ಬ್ರಿಟನ್ನಿನ 8 ಆಸ್ಪತ್ರೆಗಳ 40,091 ಜನರದ್ದು. ಅಲ್ಲಿ ದೊಡ್ಡ ಹೃದಯಾಘಾತದಂಥ ಘಟನೆಗಳಲ್ಲಿ ಸುಮಾರು ಮೂರನೇ ಎರಡು ಭಾಗ ನಡೆದದ್ದು ಸಿಟಿಯಲ್ಲಿ ರಕ್ತದ ಹರಿವನ್ನು ತಡೆಯುವಷ್ಟು ಬ್ಲಾಕ್ ಇಲ್ಲದವರಲ್ಲಿ. ಬ್ಲಾಕ್ ಇಲ್ಲ ಎಂದು ಮನೆಗೆ ಕಳಿಸಿದವರಲ್ಲಿ ಯಾರ ಮೇಲೆ ಕಣ್ಣಿಡಬೇಕು ಎಂಬ ಪ್ರಶ್ನೆಗೆ ಈ ಕೊಬ್ಬಿನ ಬಣ್ಣ ಒಂದು ಉತ್ತರ ಕೊಡಬಹುದು. ಇದಕ್ಕಾಗಿಯೇ ನನಗೆ ಈ ವಿಷಯ ಇಷ್ಟು ಮುಖ್ಯ ಅನಿಸುವುದು.

ಸಿಟಿಕನ್ಸೋಲ್

ಹಾಗಾದರೆ ಎಫ್‌ಎಐ ಅಳೆಯಲು ಕನ್ಸೋಲ್‌ನಲ್ಲಿ ನಾವು ಏನು ಜಾಗ್ರತೆ ವಹಿಸಬೇಕು? ಹಳೆಯ ಸ್ಕ್ಯಾನ್‌ಗಳಲ್ಲಿ ಕೆಲವು 100 ಕೆವಿ, ಕೆಲವು 120.

ಬಲನಾಳ

ಮುಖ್ಯ ಪ್ರಶ್ನೆ ಇದೇ. ಮೊದಲು ಜಾಗ. ಬಲ ಕೊರೊನರಿಯಲ್ಲಿ (ಬಲನಾಳ) ಬಾಯಿಂದ 10 ಮಿ.ಮೀ. ಬಿಟ್ಟು ಮುಂದಿನ 40 ಮಿ.ಮೀ., ಅಂದರೆ 10ರಿಂದ 50ರವರೆಗೆ. ಮೊದಲ 10 ಬಿಡುವುದು ಅಯೋರ್ಟಾ ಗೋಡೆಯ ಪ್ರಭಾವ ಬರಬಾರದೆಂದು. ನಾಳದ ಹೊರಗೋಡೆಯಿಂದ ಎಷ್ಟು ದೂರ ಎಂದರೆ, ಆ ನಾಳದ ವ್ಯಾಸದಷ್ಟೇ. ಎಲ್‌ಎಡಿ ಮತ್ತು ಸರ್ಕಮ್‌ಫ್ಲೆಕ್ಸ್ ಎಂಬ ಎಡಗಡೆಯ ಕೊರೊನರಿಗಳಲ್ಲಿ ಮೊದಲ 40 ಮಿ.ಮೀ. ಬಲನಾಳವನ್ನೇ ಎಲ್ಲರೂ ನೆಚ್ಚುವುದು ಅದರ ಸುತ್ತ ಕೊಬ್ಬು ಧಾರಾಳವಾಗಿದ್ದು ಕವಲು ಕಡಿಮೆ ಎಂಬ ಕಾರಣಕ್ಕೆ. ಸರ್ಕಮ್‌ಫ್ಲೆಕ್ಸ್ ಪಕ್ಕದಲ್ಲೇ ಗ್ರೇಟ್ ಕಾರ್ಡಿಯಾಕ್ ವೇನ್ ಓಡುತ್ತದೆ, ಏಟ್ರಿಯಂ ಅಂಟಿಕೊಂಡಿರುತ್ತದೆ, ಅಳತೆ ನೆಮ್ಮದಿಯದ್ದಲ್ಲ. ಬಲನಾಳ ತೀರಾ ಸಣ್ಣದಿದ್ದರೆ, ಸ್ಟೆಂಟ್ ಇದ್ದರೆ ಅಥವಾ ಪೂರ್ತಿ ಮುಚ್ಚಿದ್ದರೆ ಅಳೆಯಬೇಡಿ.

ಇನ್ನು ಕೆವಿ. ಕೆವಿ ಇಳಿಸಿದರೆ ಕೊಬ್ಬು ಇನ್ನಷ್ಟು ನೆಗೆಟಿವ್ ಆಗಿ ಕಾಣುತ್ತದೆ. ಕ್ರಿಸ್ಪ್-ಸಿಟಿ ಲೆಕ್ಕದಲ್ಲಿ 100 ಕೆವಿಯ ಅಂಕಿಯನ್ನು 1.11485ರಿಂದ ಭಾಗಿಸಿ 120ಕ್ಕೆ ತಂದಿದ್ದಾರೆ. ಒಂದು ಉದಾಹರಣೆ: 100 ಕೆವಿಯಲ್ಲಿ −78 ಬಂತು. ನೋಡಿದರೆ −70.1ಕ್ಕಿಂತ ಸಾಕಷ್ಟು ಕೆಳಗಿದೆ, ನಿಶ್ಚಿಂತೆ ಅನಿಸುತ್ತದೆ. ಭಾಗಿಸಿ ನೋಡಿ, −69.96. ಗೆರೆಯ ಆ ಕಡೆಗೆ ಹೋಯಿತು. ಕೆವಿ ಬರೆಯದ ಎಫ್‌ಎಐಗೆ ಅರ್ಥವೇ ಇಲ್ಲ ಎನ್ನುವುದು ಇದಕ್ಕೇ. ಆ ಭಾಜಕವೂ ಎಲ್ಲ ಕಂಪನಿಯ ಎಲ್ಲ ಮೆಷಿನ್‌ಗೂ ಸರಿಹೊಂದುವ ಮಂತ್ರವಲ್ಲ. ಹೊಸ ಫೋಟಾನ್ ಕೌಂಟಿಂಗ್ ಮೆಷಿನ್‌ನಲ್ಲಿ ಯಾವ ಕೆಇವಿ (ಎಕ್ಸ್‌ರೇ ಶಕ್ತಿಯ ಮಟ್ಟ) ಚಿತ್ರದಲ್ಲಿ ಅಳೆದಿರಿ ಎಂಬುದನ್ನು ಬರೆಯಬೇಕು.

ವೋಕ್ಸೆಲ್

ಇದಕ್ಕೆ ಒಂದು ಲೆಕ್ಕ ಸೇರಿಸುತ್ತೇನೆ, ಏಕೆಂದರೆ ಎಫ್‌ಎಐ ಸುಳ್ಳಾಗಿ ಏರುವ ಮುಖ್ಯ ದಾರಿ ಇದೇ. ಮೇಲೆ ಹೇಳಿದಂತೆ 16 ಪ್ರತಿಶತ ರಕ್ತ ಸೇರಿದ ವೋಕ್ಸೆಲ್ ಹೊರಬೀಳುತ್ತದೆ. 10 ಪ್ರತಿಶತ ಮಾತ್ರ ಸೇರಿದ್ದರೆ? −100ರ 90 ಪ್ರತಿಶತ −90, 350ರ 10 ಪ್ರತಿಶತ 35. ಒಟ್ಟು −55. ಇದು ಮಿತಿಯೊಳಗೇ ಇದೆ, ಹೊರಬೀಳುವುದಿಲ್ಲ, ಸರಾಸರಿಯನ್ನು ಮೇಲಕ್ಕೆ ಎಳೆಯುತ್ತದೆ. ಬಲನಾಳ ಅಲುಗಿ ಮಸುಕಾಗಿದ್ದರೆ ಇಂಥ ವೋಕ್ಸೆಲ್‌ಗಳೇ ತುಂಬಿಕೊಳ್ಳುತ್ತವೆ. ಉರಿಯೂತವೇ ಇಲ್ಲದ ನಾಳಕ್ಕೆ ಉರಿಯೂತದ ಅಂಕಿ ಬಂದುಬಿಡುತ್ತದೆ.

ಹಾಗಾಗಿ ನಾಡಿ 60ರ ಆಸುಪಾಸಿಗೆ ಇಳಿಯದೆ ಸ್ಕ್ಯಾನ್ ಶುರು ಮಾಡಬೇಡಿ. ಇಳಿಯದಿದ್ದರೆ ಸಿಸ್ಟೋಲ್ ಕೊನೆಯ ಹಂತವನ್ನೂ ರಿಕನ್‌ಸ್ಟ್ರಕ್ಟ್ ಮಾಡಿ, ಯಾವುದರಲ್ಲಿ ಬಲನಾಳದ ಅಂಚು ಗೀರಿದಂತೆ ಚೊಕ್ಕವಾಗಿದೆಯೋ ಅದನ್ನು ಅಳೆಯಲು ಕೊಡಿ. ಸ್ಲೈಸ್ 0.5ರಿಂದ 0.75 ಮಿ.ಮೀ. ನಡುವೆ. ಕರ್ನಲ್ (ಚಿತ್ರವನ್ನು ಚೂಪು ಅಥವಾ ಮೃದು ಮಾಡುವ ಸೆಟ್ಟಿಂಗ್) ಎಲ್ಲ ರೋಗಿಗಳಿಗೂ ಒಂದೇ ಇರಲಿ. ಸ್ಟೆಂಟ್ ನೋಡಲು ಬಳಸುವ ಚೂಪು ಕರ್ನಲ್‌ನಲ್ಲಿ ನಾಳದ ಅಂಚಿನ ಪಕ್ಕ ಕಪ್ಪು ಅಂಚು ಬರುತ್ತದೆ, ಅದು ಅಂಕಿಯನ್ನು ತಪ್ಪು ದಿಕ್ಕಿಗೆ ಎಳೆಯುತ್ತದೆ.

ಕಾಂಟ್ರಾಸ್ಟ್ ಹಿಂದೆ ಸಲೈನ್ ಹೋಗಲೇಬೇಕು. ಸುಪೀರಿಯರ್ ವೇನಾ ಕೇವಾ (ಹೃದಯಕ್ಕೆ ರಕ್ತ ತರುವ ಮೇಲಿನ ದೊಡ್ಡ ನಾಳ) ಮತ್ತು ಬಲ ಏಟ್ರಿಯಂನಲ್ಲಿ ಗಟ್ಟಿ ಕಾಂಟ್ರಾಸ್ಟ್ ನಿಂತುಬಿಟ್ಟರೆ ಅಲ್ಲಿಂದ ಕಿರಣದಂತೆ ಹೊರಡುವ ಕಪ್ಪು ಬಿಳಿ ಪಟ್ಟೆಗಳು ಬಲನಾಳದ ಮೊದಲ ಭಾಗದ ಮೇಲೇ ಬೀಳುತ್ತವೆ. ನೀವು ಅಳೆಯಬೇಕಾದ ಆ 40 ಮಿ.ಮೀ. ಮೇಲೆಯೇ.

ಧಾರವಾಡ_ಎಕೋ

ನಾಲಿಗಿ ಕೆಳಗ ನೈಟ್ರೇಟ್ ಕೊಟ್ಟದ್ದು, ಬಿಟ್ಟದ್ದು ಇದಕ್ಕ ಸಂಬಂಧ ಐತೇನು?

ಬಲನಾಳ

ಇದೆ ಸರ್. ನೈಟ್ರೇಟ್ ಕೊಟ್ಟರೆ ನಾಳ ಹಿಗ್ಗುತ್ತದೆ. ಅಳೆಯುವ ವಲಯ ನಾಳದ ವ್ಯಾಸದಷ್ಟೇ ದೂರ ಹೋಗುವುದರಿಂದ ವಲಯವೂ ಹಿಗ್ಗುತ್ತದೆ, ಇನ್ನೂ ದೂರದ ಕೊಬ್ಬು ಸೇರುತ್ತದೆ. ನಾಳದಿಂದ ದೂರ ಹೋದಂತೆ ಉರಿಯೂತದ ಗುರುತು ಕಡಿಮೆಯಾಗುತ್ತದೆ. ಆಂಜಿಯೋಗೆ ಹೇಗೂ ಕೊಡುತ್ತೇವೆ, ಎಲ್ಲರಿಗೂ ಒಂದೇ ಪ್ರಮಾಣ, ಒಂದೇ ಹೊತ್ತು ಎಂದು ಇಟ್ಟುಕೊಂಡರೆ ಸಾಕು. ಅದೇ ರೋಗಿಗೆ ಮರುವರ್ಷ ಮಾಡುವಾಗ ನೈಟ್ರೇಟ್ ಕೊಡದೆ ಮಾಡಿ ಹೋಲಿಸಿದರೆ ತಪ್ಪಾಗುತ್ತದೆ.

ನಿಧಾನಗತಿ

ಸೀತಾಳೆ ಮೇಡಂ ಅವರ ಮೊದಲ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ರೋಗಿಗೆ ಹೀಗೆ ಹೇಳಬಹುದು: ‘ನಾಳದ ಒಳಗೆ ಕಟ್ಟುವ ಪ್ಲಾಕ್ ಬೇರೆ, ನಾಳದ ಹೊರಗೆ ಹೃದಯದ ಮೇಲೆ ಕೂತಿರುವ ಈ ಕೊಬ್ಬು ಬೇರೆ. ಈ ಕೊಬ್ಬು ಎಲ್ಲರಿಗೂ ಇರುತ್ತದೆ, ತೆಳ್ಳಗಿನವರಿಗೂ ಇರುತ್ತದೆ. ಹೃದಯಕ್ಕೆ ಅದು ಇಂಧನದ ದಾಸ್ತಾನು, ಮೆತ್ತೆ. ಅತಿಯಾದರೆ ಮಾತ್ರ ನಾಳದ ಗೋಡೆಗೆ ಹೊರಗಿನಿಂದ ಉರಿಯೂತ ಹತ್ತಿಸಬಹುದು. ಇದರಿಂದ ಈಗ ಬ್ಲಾಕ್ ಆಗಿದೆ ಎಂದಲ್ಲ.’ ಸಹಜ ಹೃದಯದಲ್ಲೂ ತೂಕದ ಸುಮಾರು ಐದನೇ ಒಂದು ಭಾಗ ಈ ಕೊಬ್ಬಿನದೇ ಎಂದು ಹೇಳಿದರೆ ಅರ್ಧ ಗಾಬರಿ ಇಳಿಯುತ್ತದೆ.

ಹೊರಗಿನಿಂದ ಒಳಕ್ಕೆ ಎಂಬ ಮಾತಿಗೆ ಒಂದು ಸಹಜ ಸಾಕ್ಷಿ ನಮ್ಮ ಚಿತ್ರಗಳಲ್ಲೇ ಇದೆ. ಎಲ್‌ಎಡಿ ಕೆಲವರಲ್ಲಿ ಸ್ವಲ್ಪ ದೂರ ಸ್ನಾಯುವಿನೊಳಗೆ ಮುಳುಗಿ ಮತ್ತೆ ಮೇಲೆ ಬರುತ್ತದೆ, ಮಯೋಕಾರ್ಡಿಯಲ್ ಬ್ರಿಡ್ಜ್. ಮುಳುಗಿದ ಆ ತುಂಡಿನ ಸುತ್ತ ಕೊಬ್ಬಿಲ್ಲ. ಆ ತುಂಡಿನಲ್ಲಿ ಪ್ಲಾಕ್ ಕೂಡ ಸಾಮಾನ್ಯವಾಗಿ ಇರುವುದಿಲ್ಲ. ಅದಕ್ಕೆ ತುಸು ಮುಂಚೆ, ಕೊಬ್ಬಿನಲ್ಲಿ ಹುದುಗಿದ ಭಾಗದಲ್ಲಿ ಇರುತ್ತದೆ. ರಕ್ತದ ಹರಿವಿನ ಒತ್ತಡವೂ ಇದಕ್ಕೆ ಕಾರಣ ಎನ್ನುವವರಿದ್ದಾರೆ, ಆ ವಾದವೂ ಗಟ್ಟಿಯಾದದ್ದೇ. ಬ್ರಿಡ್ಜ್ ಇರುವ ತುಂಡಿನಲ್ಲಿ ಎಫ್‌ಎಐ ಅಳೆಯಲು ಹೋಗಬಾರದು ಎಂಬುದಂತೂ ಖಂಡಿತ, ಅಲ್ಲಿ ಅಳೆಯಲು ಕೊಬ್ಬೇ ಇಲ್ಲ.

ಸೀತಾಳೆ

ಈ ವಿವರಣೆ ಹಾಗೇ ಬರೆದಿಟ್ಟುಕೊಂಡೆ. ಚಿಕಿತ್ಸೆಯ ಮಾತು: ಲಿರಾಗ್ಲುಟೈಡ್ ಎಂಬ ಶುಗರ್ ಚುಚ್ಚುಮದ್ದಿನ ಮೇಲೆ 2017ರಲ್ಲಿ ಬಂದ ಪ್ರಯೋಗದಲ್ಲಿ ಟೈಪ್ 2 ಡಯಾಬಿಟಿಸ್ ಇರುವವರ ಎಪಿಕಾರ್ಡಿಯಲ್ ಕೊಬ್ಬು 6 ತಿಂಗಳಲ್ಲಿ ಸುಮಾರು 36 ಪ್ರತಿಶತ ಇಳಿದಿತ್ತು, ಬರೀ ಮೆಟ್‌ಫಾರ್ಮಿನ್ ಗುಂಪಿನಲ್ಲಿ ಹಾಗೆ ಇಳಿಯಲಿಲ್ಲ. ಗಮನಿಸಿ, ಅದು ಎಕೋದಲ್ಲಿ ಅಳೆದ ದಪ್ಪ, ಸಿಟಿಯ ಗಾತ್ರವಲ್ಲ. ಕೊಬ್ಬಿನ ಅಂಕಿ ನೋಡಿ ಈ ಚುಚ್ಚುಮದ್ದು ಶುರು ಮಾಡುವುದಿಲ್ಲ. ಶುಗರ್, ತೂಕ, ಕಿಡ್ನಿ, ಹೃದಯ ಇವುಗಳನ್ನು ನೋಡಿಯೇ ಬರೆಯುವುದು. ನಮ್ಮವರಲ್ಲಿ ಬಿಎಂಐ 23ಕ್ಕೇ ಹೆಚ್ಚುತೂಕ, 25ಕ್ಕೇ ಸ್ಥೂಲಕಾಯ ಎಂದು ಲೆಕ್ಕ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಅಳತೆ ಟೇಪು ಹೇಳುವುದನ್ನು ಕೇಳದವರು ಸಿಟಿ ಅಂಕಿ ನೋಡಿ ಎಚ್ಚೆತ್ತುಕೊಂಡರೆ ಅದೂ ಲಾಭವೇ.

ಆದರೆ ಇದರ ಮೇಲಾದರೆ ಕೊಬ್ಬು ಹೆಚ್ಚು ಎನ್ನುವ 125 ಮಿ.ಲೀ. ಗಡಿ ನಮ್ಮ ಮೈಕಟ್ಟಿಗೆ ಹೊಂದುತ್ತದೆಯೇ?

ನಿಧಾನಗತಿ

ಅದು ಅಮೆರಿಕದ ಅಧ್ಯಯನಗಳಿಂದ ಬಂದ ಗಡಿ. ಹಾಗೇ ಎತ್ತಿ ಇಲ್ಲಿ ಕೂರಿಸುವುದು ನನಗೆ ಸರಿ ಕಾಣುವುದಿಲ್ಲ. ಕನಿಷ್ಠ ಮೈಯ ವಿಸ್ತೀರ್ಣದಿಂದ ಭಾಗಿಸಿ. 2011ರಲ್ಲಿ ಆರೋಗ್ಯವಂತರನ್ನು ನೋಡಿ ಕೊಟ್ಟ ಮೇಲಿನ ಮಿತಿ ಚದರ ಮೀಟರಿಗೆ 68.1 ಮಿ.ಲೀ. 165 ಸೆಂ.ಮೀ. ಎತ್ತರ, 64 ಕೆ.ಜಿ. ತೂಕ ಇದ್ದರೆ ಮೊಸ್ಟೆಲರ್ ಸೂತ್ರದಲ್ಲಿ ವಿಸ್ತೀರ್ಣ 1.71. ಆ ವ್ಯಕ್ತಿಗೆ ಮಿತಿ 116 ಮಿ.ಲೀ. ಹತ್ತಿರ ಬರುತ್ತದೆ. 120 ಇದ್ದರೆ ಒಂದು ಲೆಕ್ಕದಲ್ಲಿ ಪಾಸು, ಇನ್ನೊಂದರಲ್ಲಿ ಫೇಲು.

ಅದಕ್ಕಿಂತ ಮುಖ್ಯ, ಇದು ಹಂತ ಹಂತವಾಗಿ ಏರುವ ಅಪಾಯ, ಒಂದೇ ಗೆರೆಯಲ್ಲಿ ಹಾರುವುದಲ್ಲ. ಜರ್ಮನಿಯ ಹೈನ್ಸ್ ನಿಕ್ಸ್‌ಡಾರ್ಫ್ ಅಧ್ಯಯನ 4093 ಜನರನ್ನು ಸುಮಾರು 8 ವರ್ಷ ಹಿಂಬಾಲಿಸಿತು. ಕೊಬ್ಬು ದುಪ್ಪಟ್ಟಾದರೆ ಕೊರೊನರಿ ಘಟನೆಯ ಅಪಾಯ ಒಂದೂವರೆ ಪಟ್ಟು, ಕ್ಯಾಲ್ಸಿಯಂ ಸ್ಕೋರ್ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ. ಮೊದಲ ಪೋಸ್ಟಿನ 96 ಮತ್ತು 188ರ ಗೊಂದಲವನ್ನು ಇದರ ಪಕ್ಕ ಇಟ್ಟು ನೋಡಿ: ಒಂದು ಹೆಡರ್ ತಪ್ಪಿನಿಂದ ರೋಗಿಯ ಕೊಬ್ಬು ಕಾಗದದ ಮೇಲೆ ದುಪ್ಪಟ್ಟಾಗಿ, ಅವರ ಅಪಾಯವೂ ಒಂದೂವರೆ ಪಟ್ಟು ಎಂದು ನಾವೇ ಬರೆದುಬಿಡುತ್ತಿದ್ದೆವು.

ರಿಪೋರ್ಟಿನಲ್ಲಿ ಜಾಗದ ಮಾತು. ಕೊಬ್ಬು ಮೊದಲ ಸಾಲಿನಲ್ಲಿ ಬರಬಾರದು. ಮೊದಲು ಕ್ಯಾಲ್ಸಿಯಂ ಸ್ಕೋರ್, ಆಂಜಿಯೋ ಆಗಿದ್ದರೆ ನಾಳ ಎಷ್ಟು ಕಿರಿದಾಗಿದೆ, ಪ್ಲಾಕ್ ಎಂಥದ್ದು. 30 ಎಚ್‌ಯುಗಿಂತ ಕಡಿಮೆಯ ಮೆದು ಪ್ಲಾಕ್ ಇದ್ದರೆ ಅದು ಕೊಬ್ಬಿನ ಯಾವ ಅಂಕಿಗಿಂತಲೂ ಮುಖ್ಯ. 2022ರ ಕ್ಯಾಡ್-ರಾಡ್ಸ್ 2.0ರಲ್ಲಿ (ಆಂಜಿಯೋ ಸಿಟಿ ರಿಪೋರ್ಟ್ ಬರೆಯುವ ಪದ್ಧತಿ) ಹೆಚ್ಚಿನ ಅಪಾಯದ ಪ್ಲಾಕ್‌ಗೆ ಗುರುತು ಇದೆ, ಪ್ಲಾಕ್ ಹೊರೆಗೆ ಪಿ1ರಿಂದ ಪಿ4 ಇದೆ. ಕೊಬ್ಬಿಗೆ ಗುರುತಿಲ್ಲ. ಹಾಗಾಗಿ ಕೊಬ್ಬು ಕೊನೆಯಲ್ಲಿ, ಹೆಚ್ಚುವರಿ ಮಾಹಿತಿಯಾಗಿ. ಕ್ಯಾಲ್ಸಿಯಂ ಸೊನ್ನೆ, ಕೊಬ್ಬು ಹೆಚ್ಚು ಎಂದಿದ್ದರೆ ‘ಕ್ಯಾಲ್ಸಿಯಂ ಸೊನ್ನೆ ಇದ್ದರೂ ಮೆದು ಪ್ಲಾಕ್ ಇಲ್ಲ ಎಂದು ಅರ್ಥವಲ್ಲ’ ಎಂಬ ಸಾಲು ಸೇರಿಸಿ, ನಿರ್ಧಾರ ಹೃದ್ರೋಗ ತಜ್ಞರಿಗೆ ಬಿಡಿ.

ಧಾರವಾಡ_ಎಕೋ

ಮತ್ತೊಂದು. ಎರಡು ಏಟ್ರಿಯಂ ನಡುವಿನ ಗೋಡಿಯೊಳಗ ಡಂಬೆಲ್ ಆಕಾರದಾಗ ಕೊಬ್ಬು ತುಂಬಿರತೈತಿ ಕೆಲವರಿಗೆ, ಫೊಸಾ ಓವಾಲಿಸ್ (ಆ ಗೋಡಿಯ ತೆಳು ತಗ್ಗು) ಒಂದು ಜಾಗ ಬಿಟ್ಟು. ಇದಕ್ಕ ಲಿಪೊಮ್ಯಾಟಸ್ ಹೈಪರ್‌ಟ್ರೊಫಿ ಅಂತಾರ. ಚೀಲದ ಒಳಗಿನ ಗೆರಿ ಎಳೆದ್ರ ಅದೂ ಲೆಕ್ಕಕ್ಕ ಬರತೈತಿ. 2 ಸೆಂ.ಮೀ. ದಾಟಿದ್ರ ಬ್ಯಾರೆನೇ ಬರೀರಿ, ಗಡ್ಡಿ ಅಂತ ಹೆದರಿಸಬ್ಯಾಡ್ರಿ.

ಸಿಟಿಕನ್ಸೋಲ್

ಎಲ್ಲರಿಗೂ ಧನ್ಯವಾದ. 3ಕ್ಕೆ 3 ಇಟ್ಟು ರಿಕನ್‌ಸ್ಟ್ರಕ್ಟ್ ಮಾಡಿ, ಕೆಳಗಿನ ಮೂಲೆಯ ಕೊಬ್ಬನ್ನು ಹೊರಗಿಟ್ಟು ಎರಡೂ ಪ್ರೋಗ್ರಾಂನಲ್ಲಿ ಮತ್ತೆ ಅಳೆದೆ. 91 ಮತ್ತು 93. ರಿಪೋರ್ಟಿನ ಕೊನೆಗೆ ಹಾಕಲು ಈ ಸಾಲು ಸಿದ್ಧಮಾಡಿದ್ದೇನೆ, ತಿದ್ದುವುದಿದ್ದರೆ ಹೇಳಿ:

‘ಎಪಿಕಾರ್ಡಿಯಲ್ ಕೊಬ್ಬಿನ ಗಾತ್ರ 91 ಮಿ.ಲೀ. ಕಾಂಟ್ರಾಸ್ಟ್ ಇಲ್ಲದ ಗೇಟೆಡ್ ಸಿಟಿ, 120 ಕೆವಿ, ಸ್ಲೈಸ್ ಮತ್ತು ಇಂಕ್ರಿಮೆಂಟ್ 3 ಮಿ.ಮೀ., ಮಿತಿ −190ರಿಂದ −30 ಎಚ್‌ಯು, ಪಲ್ಮನರಿ ಆರ್ಟರಿ ಕವಲಿನಿಂದ ಹೃದಯದ ಕೆಳತುದಿಯವರೆಗೆ, ಪೆರಿಕಾರ್ಡಿಯಂ ಒಳಗಿನದು ಮಾತ್ರ.’

ನಿಧಾನಗತಿ

ಎತ್ತರ, ತೂಕ ಹಾಕಿ ಚದರ ಮೀಟರಿನ ಅಂಕಿಯನ್ನೂ ಸೇರಿಸಿ. ಫಿಲ್ಟರ್ ಬಳಸಿದ್ದರೆ ಅದನ್ನೂ. ಉಳಿದದ್ದು ಸರಿಯಾಗಿದೆ, ಕಳಿಸಿ.